ಹಿಂದಿನ ಹುರಿ

ನಾವು ಹುಡುಗರಾಗಿದ್ದಾಗ ಆಟದ ಗಾಡಿಗೂ ಕೈಗೂ ನಡುವೆ ಒಂದು ಹುರಿ ಇರುತ್ತಿತ್ತು. ಗಾಡಿ ಎಲ್ಲಿ ಸಿಕ್ಕಿಕೊಂಡಿತು, ಎಲ್ಲಿ ವಾಲಿತು ಎನ್ನುವುದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತು. ನನ್ನ ವಾರಗೆಯವರಿಗೆ ಇದು ನೆನಪಿರಬಹುದು. ಬೇಸಿಗೆ ರಜೆ, ಒಣಗಿ ಬಿದ್ದ ಕಾಲುವೆ, ಅಂಗಿಯ ಜೇಬಿನ ತುಂಬ ಮಂಡಾಳ ಒಗ್ಗರಣೆ. ಜೇಬಿನ ಎಣ್ಣೆ ಕಲೆ ಹೋಗಲಿಲ್ಲವೆಂದು ಅವ್ವ ಬೈಯುವುದು ಬೇರೆ. ರಿಮೋಟ್ ಎಂಬ ಮಾತನ್ನು ನಾವು ಕೇಳಿರಲೇ ಇಲ್ಲ.

ಈ ಬೇಸಿಗೆಯಲ್ಲಿ ಲಿಂಗಸುಗೂರಿನಿಂದ ನನ್ನ ಮಗಳ ಮಗಳು ಸಿಂಚನಾ ಸಿಂಧನೂರಿಗೆ ಬಂದಳು. ಬಟ್ಟೆಯ ಚೀಲದ ಜೊತೆ ಅವರಪ್ಪ ಕೊಡಿಸಿದ ಆಟದ ಪೆಟ್ಟಿಗೆಯನ್ನೂ ತಂದಿದ್ದಳು. ಅದನ್ನು ಟಿವಿಗೆ ಜೋಡಿಸಿದರೆ ಪರದೆಯ ಮೇಲೆ ಅಂಗೈಯಷ್ಟು ಕಾರುಗಳು ಬರುತ್ತವೆ. ರಿಮೋಟಿನಿಂದ ಓಡಿಸುವ ಮಕ್ಕಳ ಕಾರುಗಳ ಹಾಗೆ ಒಂದೊಂದರ ನೆತ್ತಿಯ ಮೇಲೂ ಒಂದು ತಂತಿ. ಯಾರದೋ ಮನೆಯ ಅಂಗಳ, ಮಾಳಿಗೆ, ಅಡುಗೆಮನೆ ಕಟ್ಟೆಗಳ ಮೇಲೆ ಪಂದ್ಯ ಕಟ್ಟಿ ಓಡುತ್ತವೆ. ಓಡುತ್ತಲೇ ಒಂದರ ಮೇಲೊಂದು ಆಯುಧ ಬಿಡುತ್ತವೆ. ರಾಕೆಟ್, ಅಂಟು ಚೆಲ್ಲುವ ಡಬ್ಬಿ, ಮುಂದಿನ ಗಾಡಿಗೆ ಗಾಳ ಹಾಕಿ ಹಿಂದಕ್ಕೆಳೆಯುವ ಸರಪಳಿ. ಮೊದಲ ದಿನ ನಾನು ಗೋಡೆಗೆ ರಾಕೆಟ್ ಬಿಟ್ಟು ನನ್ನದೇ ಗಾಡಿಯನ್ನು ಸುಟ್ಟುಕೊಂಡೆ.

"ತಾತಾ, ಗ್ವಾಡಿ ಕಡೆ ಮುಖ ಮಾಡಿ ಗುಂಡ್ ಹೊಡೀತಿ ಅಲ್ಲ, ಮತ್ತ ಎಲ್ಲಿ ಹೋಗಬೇಕದು?" ಎಂದು ಹೊಟ್ಟೆ ಹಿಡಿದು ನಕ್ಕಳು.

ಓಡಿಸಲು ಬರದಿದ್ದವನಿಗೆ ದಾರಿ ಕಟ್ಟುವ ಕೆಲಸ ಕೊಟ್ಟಳು. ಆ ಆಟದಲ್ಲಿ ನಮಗೆ ಬೇಕಾದ ಟ್ರ್ಯಾಕನ್ನು ನಾವೇ ಮಾಡಬಹುದು. ನೆಟ್ಟಗಿನ ದಾರಿ, ತಿರುವು, ದಿಬ್ಬ, ಕೊಳವೆ ಎಂದು ತುಂಡು ತುಂಡು ಇರುತ್ತವೆ, ಆರಿಸಿ ಜೋಡಿಸುವುದು. ನನಗೆ ಅದು ಬೇಗ ಒಗ್ಗಿತು. ಉದ್ದಕ್ಕೆ ಒಂದು ತಗ್ಗಿನ ದಾರಿ ಹಾಕಿದೆ, ಎಡಕ್ಕೊಂದು ತಿರುವು, ಆಮೇಲೆ ಕೊಳವೆ, ಕೊಳವೆ ದಾಟಿದ ಮೇಲೆ ಒಂದು ಕಲ್ಲಿನ ಇಳಿಜಾರು, ಕೊನೆಗೆ ಚೌಕದ ಗುಂಡಿ. ಕೈ ತನ್ನಷ್ಟಕ್ಕೆ ಜೋಡಿಸುತ್ತಿತ್ತು. ಮುಗಿದ ಮೇಲೆ ನೋಡಿದರೆ ನನ್ನೂರು ಗೊರೇಬಾಳದ ಕಾಲುವೆ!

"ತಾತಾ, ಕಡೀಕ ಇದೇನಿದು ಬಾವಿ? ಎಲ್ಲಾ ಗಾಡಿ ಬಿದ್ದು ಸಾಯ್ತಾವ."

"ಅಲ್ಲೊಂದು ಬಾವಿ ಇತ್ತವ್ವ."

"ಎಲ್ಲಿ?"

ಮೊದಲು ಓಡಿಸಿ ನೋಡು ಎಂದೆ. ಅವಳು ತನ್ನ ಕೆಂಪು ಗಾಡಿಯನ್ನು ಓಡಿಸಿದಳು. ತಿರುವು ದಾಟಿತು, ಕೊಳವೆ ದಾಟಿತು, ಗುಂಡಿಗೆ ಬಿತ್ತು. ಕಣ್ಣು ಮಿಟುಕಿಸುವುದರೊಳಗೆ ಅದೇ ಗಾಡಿ, ಒಂದು ಗೆರೆಯೂ ಇಲ್ಲದೆ, ಮೇಲಿನಿಂದ ಇಳಿದು ದಾರಿಯ ಮೇಲೆ ನಿಂತಿತು. "ನೋಡಿದಿ? ಏನೂ ಆಗಂಗಿಲ್ಲ" ಎಂದಳು. ನಾನು ಕಣ್ಣು ಉರಿಯುತ್ತಿದೆ ಎಂದು ಹೇಳಿ ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ.

ಆ ಬಾವಿಯ ಸಂಗತಿಯನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ.

ನಾನು ಹುಟ್ಟಿದ್ದು ಸಿಂಧನೂರಿನ ಪಕ್ಕದ ಗೊರೇಬಾಳದಲ್ಲಿ. ಮನೆಯಲ್ಲಿ ನನ್ನ ಬಿಟ್ಟರೆ ಇದ್ದವರೆಲ್ಲ ದೊಡ್ಡವರು. ಅಣ್ಣ ತಮ್ಮ ಅಕ್ಕ ತಂಗಿ ಯಾರೂ ಇಲ್ಲ. ಊರಲ್ಲಿ ನನಗಿದ್ದವನು ಒಬ್ಬನೇ, ಮೌಲಾ. ಅವನ ಅಪ್ಪನನ್ನು ಊರವರು ಡಬ್ಬಿ ಸಾಹೇಬರು ಎನ್ನುತ್ತಿದ್ದರು. ಮುದಗಲ್ ಕಡೆಯಿಂದ ಬಂದ ತಗಡಿನ ಕೆಲಸದವರು. ಚಿಮಣಿ, ಲಾಳಿಕೆ, ಹಿಟ್ಟಿನ ಡಬ್ಬಿ ಮಾಡುತ್ತಿದ್ದರು. ಅವರ ಮನೆಯ ಮುಂದೆ ಯಾವಾಗಲೂ ಕಾದ ಬೆಸುಗೆಯ ವಾಸನೆ, ನವಸಾಗರದ ಹೊಗೆ. ಆ ಹೊಗೆಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ನಾನು ಅಲ್ಲೇ ಕೂರುತ್ತಿದ್ದೆ. ರಂಜಾನ್ ಹಬ್ಬದಲ್ಲಿ ಮೌಲಾನ ತಾಯಿ ನನಗಾಗಿ ಶಾವಿಗೆಯ ಸುರಕುಂಬಾ ತೆಗೆದಿಡುತ್ತಿದ್ದರು. ನಮ್ಮ ಮನೆಯಿಂದ ಅವನಿಗೆ ಕಟಕು ರೊಟ್ಟಿ, ಶೇಂಗಾ ಹಿಂಡಿ ಹೋಗುತ್ತಿತ್ತು.

ನಮಗೆ ಹತ್ತು ಹನ್ನೊಂದು ವರ್ಷವಿದ್ದಾಗ ಡಬ್ಬಿ ಸಾಹೇಬರು ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಮಗನಿಗೆ ಒಂದು ಗಾಡಿ ಮಾಡಿಕೊಟ್ಟರು. ಹಳೆಯ ಚಪ್ಪಲಿಯ ರಬ್ಬರಿನ ಗಾಲಿ. ಬಾಗಿಲು ತೆರೆದು ಮುಚ್ಚಬಹುದಿತ್ತು. ಒಂದು ಬದಿಗೆ ಎಣ್ಣೆ ಡಬ್ಬಿಯ ಸೂರ್ಯಕಾಂತಿ ಚಿತ್ರ ಅರ್ಧ ಉಳಿದಿತ್ತು. ಊರಲ್ಲಿ ಬೇರೆ ಹುಡುಗರ ಹತ್ತಿರ ಇದ್ದದ್ದು ಜೋಳದ ದಂಟಿನ ಚಕ್ಕಡಿ. ತಗಡಿನ ಗಾಡಿ ಇದ್ದದ್ದು ಮೌಲಾನ ಹತ್ತಿರ ಮಾತ್ರ.

ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸುತ್ತಿದ್ದರು. ಗದ್ದೆ ಕೊಯ್ದಾಗಿರುತ್ತಿತ್ತು, ಕಾಲುವೆಯ ತಳ ಒಣಗಿ ಬಿರುಕು ಬಿಡುತ್ತಿತ್ತು. ಆ ತಳವೇ ನಮ್ಮ ಪಂದ್ಯದ ಮೈದಾನ. ಒಂದೊಂದು ಗುಂಪು ಒಂದೊಂದು ಕಡೆ ತನ್ನ ದಾರಿ ಕಟ್ಟುತ್ತಿತ್ತು. ನಮ್ಮ ದಾರಿ ಕಟ್ಟಿದವನು ನಾನು. ಕೆಸರು ತಂದು ಅಂಚು ಕಟ್ಟಿದೆ, ಜಾಲಿ ಗಿಡದ ಹತ್ತಿರ ತಿರುವು ಮಾಡಿದೆ, ಒಡೆದ ಸಿಮೆಂಟ್ ಕೊಳವೆಯನ್ನು ಉರುಳಿಸಿ ತಂದು ಹೂತೆ. ಕಾಲುವೆ ಒಂದು ಕಡೆ ಒಮ್ಮೆಲೆ ಆಳಕ್ಕೆ ಇಳಿಯುತ್ತಿತ್ತು. ಕಲ್ಲು ಕಟ್ಟಿದ ಇಳಿಜಾರು, ಅದರ ಕೆಳಗೆ ಚೌಕದ ಗುಂಡಿ, ಗುಂಡಿಯಾಚೆ ರಸ್ತೆಯಡಿ ಹೋಗುವ ಕತ್ತಲೆಯ ಮೋರಿ. ಆ ಗುಂಡಿಗೆ ನಾವು ಬಾವಿ ಎನ್ನುತ್ತಿದ್ದೆವು. ಗಾಡಿ ಉರುಳದಂತೆ ಬಾವಿಯ ತಳ ಮುಟ್ಟಿಸಿದವರು ಗೆದ್ದಂತೆ.

ಒಂದು ಗಾಡಿಗೆ ಇಬ್ಬರು. ಮುಂದಿನ ಹುರಿ ಹಿಡಿದು ಎಳೆಯುತ್ತ ಓಡುವವನೊಬ್ಬ, ಹಿಂದಿನ ಹುರಿ ಹಿಡಿದು ಗಾಡಿ ನುಗ್ಗದಂತೆ ತಡೆಯುವವನೊಬ್ಬ. ಆಯುಧಗಳೂ ಇದ್ದವು. ಎದುರಾಳಿಯ ಹುರಿ ಕತ್ತರಿಸಲು ಅಚ್ಚಿಗೆ ಕಟ್ಟಿದ ಜಾಲಿ ಮುಳ್ಳು, ಬಟ್ಟೆಯಲ್ಲಿ ಗಂಟು ಕಟ್ಟಿ ಒಗೆಯುವ ಬೂದಿ. ಬೂದಿ ಮುಖಕ್ಕೆ ಬಿದ್ದವನು ಸೀನುತ್ತ ಕೂತರೆ ಅವನ ಗಾಡಿ ಅಲ್ಲೇ ನಿಂತಂತೆ.

ಮುಂದಿನ ಹುರಿ ಮೌಲಾನದು, ಹಿಂದಿನದು ನನ್ನದು. ಓಡುವಾಗ ಅವನ ಬಾಯಿಂದ ಬರುತ್ತಿದ್ದದ್ದು ಅವನ ಮನೆಯ ದಖನಿ ಮಾತು. 'ಖೀಂಚ್' ಎಂದರೆ ಎಳೆ, 'ಠೈರ್' ಎಂದರೆ ನಿಲ್ಲು. 'ಛೋಡ್' ಎಂದರೆ ನಾನು ಹುರಿ ಬಿಡಬೇಕು. 'ಛೋಡ್ ನಕ್ಕೊ' ಎಂದರೆ ಬಿಡಬಾರದು. ನಾನು ಆ ಮಾತು ಕಲಿತದ್ದು ಹಾಗೆ, ಬೆರಳಿನಿಂದ. ಆ ಬೇಸಿಗೆ ಮುಗಿಯುವ ಹೊತ್ತಿಗೆ ನಾನು ಮನೆಯಲ್ಲೂ ನಕ್ಕೊ ಎನ್ನತೊಡಗಿದ್ದೆ. "ಅನ್ನ ಹಾಕ್ಲೇನು?" ಎಂದು ಅವ್ವ ಕೇಳಿದರೆ "ನಕ್ಕೊ" ಎನ್ನುವುದು. "ನೀ ಅವರ ಮನ್ಯಾಗ ಇದ್ದುಬಿಡು, ಹೋಗು" ಎಂದು ಅವ್ವ ರೇಗುತ್ತಿದ್ದಳು.

ನಾವು ಎಲ್ಲರನ್ನೂ ಸೋಲಿಸಿದೆವು. ಆದರೆ ಹುಡುಗರು ಮೌಲಾನ ಗಾಡಿ ಗೆದ್ದಿತು ಎನ್ನುತ್ತಿದ್ದರು. ದಾರಿಗೂ ಮೌಲಾನ ದಾರಿ ಎಂದೇ ಹೆಸರಾಯಿತು. ಹಿಂದೆ ಹುರಿ ಹಿಡಿದು ನಿಂತವನು ಯಾರ ಕಣ್ಣಿಗೆ ಬೀಳುತ್ತಾನೆ? ಅದನ್ನೆಲ್ಲ ನಾನು ನುಂಗಿಕೊಂಡಿದ್ದೆ. ಮೌಲಾ ನನ್ನವನು, ಅಷ್ಟು ಸಾಕಿತ್ತು.

ಜವಳಗೇರಾದ ಹುಡುಗರು ಪಂದ್ಯಕ್ಕೆ ಬರುವುದೆಂದು ಮಾತಾಯಿತು. ಹಿಂದಿನ ದಿನ ನಾವಿಬ್ಬರೇ ಕಾಲುವೆಯಲ್ಲಿ ಗಾಡಿ ಓಡಿಸಿ ನೋಡುತ್ತಿದ್ದೆವು. ಮೌಲಾ ಗಾಲಿಗೆ ಎಣ್ಣೆ ಸವರುತ್ತ, ತಲೆ ಎತ್ತದೆ ಹೇಳಿದ:

"ಶರಣ್ಯಾ, ನಾಳಿ ಹಿಂದಿನ ಹುರಿ ಈರಣ್ಯಾ ಹಿಡೀತಾನಂತಲೇ. ಅವಂದು ಕೈ ಉದ್ದ ಅದಾವಲ್ಲ. ನೀ ಬಾಜೂಕ ನಿಂತು ಬೂದಿ ಒಗಿ."

ಈರಣ್ಣ ಗೌಡರ ಮನೆಯ ಹುಡುಗ, ನಮಗಿಂತ ಎತ್ತರ. ಅಲ್ಲಿಯವರೆಗೆ ಅವನು ನಮ್ಮ ಆಟಕ್ಕೆ ಬಂದವನೇ ಅಲ್ಲ.

"ಯಾರಂದ್ರು?" ಎಂದೆ.

"ನಾನ ಅಂದೀನಿ. ಗೆಲ್ಲಬೇಕೋ ಬ್ಯಾಡೋ?"

ಮೌಲಾನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಗೆಲ್ಲುವುದೊಂದೇ ಇತ್ತು. ಕಾಲುವೆ ಅಷ್ಟು ಅಗಲವಿದೆ ಎಂದು ನನಗೆ ತೋರಿದ್ದು ಅಂದೇ.

ಕೊನೆಯದೊಂದು ಸಲ ಎಂದು ಓಡಿಸಿದೆವು. ಗಾಡಿ ಇಳಿಜಾರಿನ ಅರ್ಧಕ್ಕೆ ಬಂದಿತ್ತು. ಮುಂದಿನ ಹುರಿ ಕಲ್ಲಿಗೆ ಉಜ್ಜಿ ತುಂಡಾಯಿತು. ಗಾಡಿ ಬಾವಿಯ ಮೇಲೆ ನನ್ನ ಹುರಿಯಿಂದ ನೇತಾಡತೊಡಗಿತು. ಅಷ್ಟರಲ್ಲಿ ಏರಿಯ ಮೇಲೆ ಕಾಲುವೆ ಕಾಯುವ ಲಸ್ಕರ್ ಸೈಕಲ್ ತುಳಿಯುತ್ತ ಬಂದ.

"ಏ ಹುಡುಗ್ರಾ! ನೀರ್ ಬಿಟ್ಟಾರಲೇ! ಮ್ಯಾಲ ಏರ್ರಿ, ಮ್ಯಾಲ!"

ಇನ್ನೂ ಎಷ್ಟೋ ದಿನ ಇದೆ ಅಂದುಕೊಂಡಿದ್ದೆವು. ತಿರುಗಿ ನೋಡಿದರೆ ಕಾಲುವೆಯ ತಿರುವಿನಲ್ಲಿ ನೀರಿನ ಮೂತಿ ಕಾಣಿಸಿತು. ಮೊದಲ ನೀರು ನೀರಿನ ಹಾಗಿರುವುದಿಲ್ಲ. ಹುಲ್ಲು, ನೊರೆ, ಹರಿದ ಚಪ್ಪಲಿ, ಒಣ ಸಗಣಿ ಎಲ್ಲ ದೂಡಿಕೊಂಡು, ಸರಸರ ಎನ್ನುತ್ತ ಹರಿದು ಬರುತ್ತದೆ. ಅದರ ಮುಂದೆ ಬಿಸಿ ಮಣ್ಣಿನ ವಾಸನೆ ಬರುತ್ತದೆ. ನಾನು ಹುರಿ ಹಿಡಿದೇ ಏರಿ ಹತ್ತಿದೆ. ಮೌಲಾ ಆಚೆ ದಂಡೆ ಹತ್ತಿ, ಅಲ್ಲಿ ಬಿದ್ದಿದ್ದ ಕವೆಗೋಲು ಚಾಚಿ ಗಾಡಿಯನ್ನು ಎಟುಕಿಸಿಕೊಳ್ಳಲು ನೋಡುತ್ತಿದ್ದ. ಕೋಲಿನ ತುದಿ ಗಾಡಿಯ ಬಾಗಿಲಿಗೆ ತಾಗಿತು ಕೂಡ. ಆಗ ಅವನು ಕೂಗಿದ.

"ಛೋಡ್ ನಕ್ಕೊ!"

ನಾನು ಬಿಟ್ಟೆ.

ಗಾಡಿ ಬಾವಿಗೆ ಬಿದ್ದ ಸದ್ದು ಕೇಳಿಸಿತು. ಅದರ ಮೇಲೆ ನೀರು ಬಂತು. ಸೂರ್ಯಕಾಂತಿಯ ಚಿತ್ರ ಒಮ್ಮೆ ತಿರುಗಿ ಮೋರಿಯೊಳಗೆ ಹೋಯಿತು. ರಸ್ತೆಯ ಆಚೆ ಓಡಿಹೋಗಿ ಕಾದೆವು. ಕಸ ಬಂತು, ಚಪ್ಪಲಿ ಬಂತು, ಗಾಡಿ ಬರಲಿಲ್ಲ. ಮೋರಿಯೊಳಗೆ ಎಲ್ಲೋ ಸಿಕ್ಕಿಕೊಂಡಿರಬೇಕು. ಹೊತ್ತು ಇಳಿಯುವವರೆಗೆ ಮೌಲಾ ದಂಡೆಯ ಉದ್ದಕ್ಕೂ ನಡೆದ. ನಾನು ಅವನ ಹಿಂದೆ ನಡೆದೆ.

ಸಂಜೆ ಡಬ್ಬಿ ಸಾಹೇಬರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಕೇಳಿದರು. "ಏನಾತಪ್ಪಾ? ಹುರಿ ಹಿಡಿದಾಂವ ನೀ ಅಲ್ಲೇನು?"

ನನ್ನ ಬಾಯಲ್ಲಿ ಮಾತು ತಾನಾಗಿ ಸಿದ್ಧವಾಗಿ ಬಂತು. "ಛೋಡ್ ಅಂದದ್ದಷ್ಟ ಕೇಳಿಸ್ತು ಚಾಚಾ. ನಕ್ಕೊ ಅಂದದ್ದು ಕೇಳಿಸಲಿಲ್ಲ. ನೀರಿನ ಸಪ್ಪಳಿತ್ತು."

ಅವರು ಸಿಟ್ಟಾಗಲಿಲ್ಲ. ನಕ್ಕರು. "ನಮ್ಮ ಮಾತ ಹಂಗ ಐತಿ ನೋಡು. ಬ್ಯಾಡ ಅನ್ನೋದು ಕಡೀಕ ಬರ್ತೈತಿ. ಅಷ್ಟರಾಗ ಕೆಲಸ ಕೆಟ್ಟಿರ್ತೈತಿ." ಮಗನ ಕಡೆ ತಿರುಗಿ, "ಬೇಟಾ, ಕನ್ನಡದವ್ರ ಜೋಡಿ ಕನ್ನಡದಾಗ ಒದರಬೇಕಪ್ಪಾ" ಎಂದರು. ಇನ್ನೊಂದು ಗಾಡಿ ಮಾಡಿಕೊಡಲೇ ಎಂದರು. ಮೌಲಾ ಬೇಡ ಎಂದು ತಲೆಯಾಡಿಸಿದ.

ಕನ್ನಡದಲ್ಲಿ ಕೂಗಿದ್ದರೂ ಬಿಡಬ್ಯಾಡ ಎಂದೇ ಕೂಗಬೇಕಿತ್ತು. ಕನ್ನಡದಲ್ಲೂ ಬ್ಯಾಡ ಬರುವುದು ಕೊನೆಗೇ. ಅದು ಆಗ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೆ ನನ್ನ ಸುಳ್ಳು ಅಲ್ಲೇ ಬಿದ್ದುಹೋಗುತ್ತಿತ್ತು.

ಮನೆಯವರೆಗೆ ಕಳಿಸಲು ಮೌಲಾ ನನ್ನ ಜೊತೆ ಬಂದ. ಬಾಗಿಲ ಹತ್ತಿರ ನಿಂತು, "ನಂದ ತಪ್ಪಲೇ ಶರಣ್ಯಾ. ನೀ ಮನಸಿಗೆ ಹಚ್ಕೋಬ್ಯಾಡ" ಎಂದ. ಅವನು ಬೈದಿದ್ದರೆ ನಾನು ಬಹುಶಃ ಅಲ್ಲೇ ಹೇಳಿಬಿಡುತ್ತಿದ್ದೆ.

ಅಂದಿನಿಂದ ಮೌಲಾ ನನ್ನೊಡನೆ ದಖನಿ ಮಾತಾಡುವುದನ್ನು ಬಿಟ್ಟ. ಸಿಟ್ಟಿನಿಂದಲ್ಲ, ನನಗೆ ತೊಂದರೆಯಾಗದಿರಲಿ ಎಂದು. ಶಾಲೆ ಶುರುವಾದ ಮೇಲೆ ಒಂದು ದಿನ, ನಾನು ಮುಂದೆ ಹೋಗುತ್ತಿದ್ದಾಗ ಹಿಂದಿನಿಂದ "ಅರೇ ಶರಣ್ಯಾ, ಠೈ..." ಎಂದು ಕೂಗಿದವನು ಅರ್ಧಕ್ಕೆ ನುಂಗಿ "ನಿಂದ್ರು" ಎಂದ. ಆ ನುಂಗಿದ ಸದ್ದು ನನಗೆ ಇಂದೂ ಕೇಳುತ್ತದೆ. ನನ್ನೆದುರು ಮಾತಾಡುವಾಗ ಅವನು ಕಾಲುವೆಯ ಕಲ್ಲಿನ ಮೇಲೆ ನಡೆಯುವವನ ಹಾಗೆ ಒಂದೊಂದು ಪದ ನೋಡಿಕೊಂಡು ಇಡತೊಡಗಿದ. ಹಾಗೆ ನೋಡಿಕೊಂಡು ಆಡುವ ಮಾತಿನಲ್ಲಿ ಗೆಳೆತನ ಎಷ್ಟು ದಿನ ಉಳಿದೀತು? ಮುಂದಿನ ಬೇಸಿಗೆ ಕಾಲುವೆ ಒಣಗಿದಾಗ ನಾನು ಒಬ್ಬನೇ ಹೋಗಿ ನಮ್ಮ ದಾರಿಯ ಗುರುತು ಹುಡುಕಿದೆ. ಸಿಮೆಂಟ್ ಕೊಳವೆ ಮಾತ್ರ ಇತ್ತು, ಹೂಳು ತುಂಬಿತ್ತು. ಮೋರಿಯೊಳಗೆ ಇಣುಕುವ ಧೈರ್ಯವಾಗಲಿಲ್ಲ. ಗಾಡಿ ಸಿಕ್ಕರೆ ಎಂಬ ಹೆದರಿಕೆ. ಆಮೇಲೆ ಅವರು ಮಸ್ಕಿಗೆ, ಮೌಲಾನ ಮಾವನ ಊರಿಗೆ ಹೋದರು.

ನಾನು ಹೈಸ್ಕೂಲು ಮುಗಿಸಿದೆ, ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ತೂಕದ ಕೆಲಸಕ್ಕೆ ನಿಂತೆ, ಮಕ್ಕಳಾದವು, ಮಗಳನ್ನು ಲಿಂಗಸುಗೂರಿಗೆ ಕೊಟ್ಟೆವು. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿಯಲ್ಲಿ ನಿಲ್ಲುತ್ತದೆ. ನಿಲ್ದಾಣ ದಾಟಿದರೆ ರಸ್ತೆಯ ಬದಿಗೆ ಟ್ರಂಕು, ಕೂಲರ್ ಮಾಡುವ ಮೌಲಾನ ತಗಡಿನ ಅಂಗಡಿ. ಮಗಳ ಮನೆಗೆ ಹೋಗುವಾಗಲೆಲ್ಲ ನಾನು ಆಚೆ ಬದಿಯ ಕಿಟಕಿಯ ಹತ್ತಿರ ಕೂರುತ್ತಿದ್ದೆ. ಬಸ್ಸು ನಿಂತಾಗ ತಗಡು ಬಡಿಯುವ ಸದ್ದು ಮಾತ್ರ ಒಳಗೆ ಬರುತ್ತಿತ್ತು. ಅದಕ್ಕೆ ಯಾವ ಬದಿಯೂ ಇಲ್ಲ.

ರಜೆ ಮುಗಿದು ಸಿಂಚನಾಳನ್ನು ಲಿಂಗಸುಗೂರಿಗೆ ಬಿಟ್ಟುಬರಲು ಹೋದೆ. ಹೊರಡುವಾಗ ಅವಳು, "ತಾತಾ, ನಿನ್ನ ಬಾವಿ ಟ್ರ್ಯಾಕ್ ನಾ ಅಳಿಸಂಗಿಲ್ಲ. ಮುಂದಿನ ಸಲ ಬಂದಾಗ ಆಡೂಣು" ಎಂದಳು. ಮರಳಿ ಬರುವಾಗ ಪಕ್ಕದ ಸೀಟು ಖಾಲಿ. ಮಸ್ಕಿಯಲ್ಲಿ ಬಸ್ಸು ನಿಂತಿತು. ಇಳಿದೆ.

ಮೌಲಾ ಕೆಳಗೆ ಕೂತು ತಗಡಿನ ಅಂಚು ಮಡಿಸುತ್ತಿದ್ದ. ಗಡ್ಡ ಪೂರಾ ಬೆಳ್ಳಗಾಗಿದೆ. ಅವನ ಮಗ ನನ್ನನ್ನು ನೋಡಿ, "ಅಬ್ಬಾಗ ಕಿವಿ ಕೇಳಂಗಿಲ್ರೀ. ತಗಡ್ ಬಡ್ದು ಬಡ್ದು ಹೋಗ್ಯಾವ. ಜೋರ್ ಅನ್ರಿ" ಎಂದ. ನಾನು ಹತ್ತಿರ ಹೋಗಿ ಕೂತೆ. ಮೌಲಾ ಮುಖ ನೋಡಿದ, ಬಹಳ ಹೊತ್ತು ನೋಡಿದ. ಆಮೇಲೆ ಸುತ್ತಿಗೆ ಕೆಳಗಿಟ್ಟ.

"ಶರಣಪ್ಪನವರೇನ್ರೀ? ಗೊರೇಬಾಳದವರು? ಬರ್ರಿ, ಬರ್ರಿ. ಆರಾಮದೀರೇನ್ರೀ?"

ನನಗೆ ರೀ! ಕನ್ನಡ ಎಷ್ಟು ಚೊಕ್ಕ, ಎಷ್ಟು ದೂರ.

ಮೊಣಕಾಲು ನೋವಿನ ಮಾತಾಯಿತು, ಮಕ್ಕಳ ಮಾತಾಯಿತು. ಅರ್ಧ ಅವನಿಗೆ ಕೇಳಲಿಲ್ಲ. ಚಾ ಹೇಳಲೇ ಎಂದು ಕೇಳಿದ. ಈಗ ಹೇಳದಿದ್ದರೆ ಇನ್ನಿಲ್ಲ ಅನಿಸಿತು. "ಮೌಲಾ, ಆ ದಿನ ಕಾಲ್ವ್ಯಾಗ ನೀ ನಕ್ಕೊ ಅಂದದ್ದು ನನಗ ಕೇಳಿತ್ತು" ಎಂದೆ.

"ಏನ್ರೀ?"

"ನಕ್ಕೊ ಕೇಳಿತ್ತು!"

"ಆಂ?"

"ನಕ್ಕೊ! ನಕ್ಕೊ!" ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಜೋರಾಗಿ ಕೂಗಿದೆ.

ಮೌಲಾ ತಲೆಯಾಡಿಸಿದ. ಮಗನ ಕಡೆ ತಿರುಗಿ, "ಚಾ ನಕ್ಕೊ ಬೋಲ್ರೈಂ. ಶರಬತ್ ಲಾ" ಎಂದ. ನನಗೆ ಚಾ ಬೇಡವಂತೆ.

ಮಗ ನಕ್ಕ. ಇನ್ನೊಮ್ಮೆ ಕೂಗಬಹುದಿತ್ತು. ಅಂದು ಕೇಳಿದ್ದನ್ನು ಕೇಳಲಿಲ್ಲ ಎಂದವನಿಗೆ ಇಂದು ಕೇಳದವನೇ ಎದುರಾಗಿದ್ದ. ಶರಬತ್ತು ಬಂತು, ಕುಡಿದೆ. ಸಕ್ಕರೆ ತಳದಲ್ಲೇ ಇತ್ತು.

ಸಿಂಧನೂರಿನ ಬಸ್ಸು ಬಂದಾಗ ನಾನು ಬೇಡವೆಂದರೂ ಅವನು ನನ್ನ ಜೊತೆ ನಡೆದು ಬಂದ. ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ನಾನು ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟೆ, ಬಾಗಿಲ ರಾಡು ಹಿಡಿದೆ. ಅಷ್ಟರಲ್ಲಿ ಬಸ್ಸು ಹೊರಟಿತು. ಮೈ ವಾಲಿತು. ಕೆಳಗಿನಿಂದ ಮೌಲಾ ಎರಡೂ ಕೈ ಎತ್ತಿ ಕೂಗಿದ.

"ಶರಣ್ಯಾ! ರಾಡ್ ಛೋಡ್ ನಕ್ಕೊ ರೇ! ಛೋಡ್ ನಕ್ಕೊ!"

"ಕೇಳ್ತಲೇ!" ಎಂದು ಒದರಿದೆ. "ಕೇಳ್ತಲೇ ಮೌಲಾ!"

ಬಸ್ಸು ತಿರುವು ದಾಟಿತ್ತು. ಅಂಗಡಿಯಲ್ಲಿ ನಾನು ಹೇಳಿದ್ದು ತಿಳಿದೂ ತಿಳಿಯದವನಂತೆ ಶರಬತ್ತು ತರಿಸಿ, ಈಗ ಬೇಕೆಂದೇ ಹಾಗೆ ಕೂಗಿದನೋ, ಮುದುಕ ಬೀಳುತ್ತಾನೆಂದು ಹೆದರಿ ಮನೆಯ ಮಾತು ತಾನಾಗಿ ಬಂತೋ, ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ಅದಕ್ಕೇ ಇಲ್ಲಿ ಬರೆದು ಹೇಳುತ್ತಿದ್ದೇನೆ.

ಗೊರೇಬಾಳದ ಆ ಕಾಲುವೆಗೆ ಈಗ ಸಿಮೆಂಟ್ ಬಳಿದಿದ್ದಾರೆ. ಊರ ಸುತ್ತ ಭತ್ತವೇ ಭತ್ತ, ಚಕ್ಕಡಿ ಮಾಡುತ್ತೇನೆಂದರೆ ಹುಡುಗರಿಗೆ ಒಂದು ಜೋಳದ ದಂಟು ಸಿಗುವುದಿಲ್ಲ. ಅದೆಲ್ಲ ಎಲ್ಲರಿಂದಲೂ ಹೋದದ್ದು, ಎಲ್ಲರೂ ಹಂಚಿಕೊಂಡು ಅಳಬಹುದು. ಮೌಲಾನ ಬಾಯಿಂದ ನನಗೆ ಬರಬೇಕಾಗಿದ್ದ ಮಾತುಗಳು, ಬೈಗುಳ, ತಮಾಷೆ, ಒಂದು ಆಯುಷ್ಯಕ್ಕಾಗುವಷ್ಟು, ನಾನೊಬ್ಬನೇ ಕಳೆದುಕೊಂಡದ್ದು. ಸಿಂಚನಾಳ ಗಾಡಿಯ ಹಾಗೆ ಅವು ಮೇಲಿನಿಂದ ಇಳಿದು ಬರುವುದಿಲ್ಲ.

ಬಳಗಾನೂರು ಕ್ರಾಸಿನ ಹತ್ತಿರ ಒಬ್ಬ ಹುಡುಗ ಎದ್ದು, "ಕುಂದ್ರು ಬಾ ತಾತಾ" ಎಂದು ಸೀಟು ಬಿಟ್ಟುಕೊಟ್ಟ. ನಕ್ಕೊ ಎಂದೆ. ಸಿಂಧನೂರು ಬರುವವರೆಗೂ ನಾನು ಆ ರಾಡು ಬಿಡಲಿಲ್ಲ.